ಕೊರಗಪ್ಪನವರ ಹೆಸರಿನ ಕಣಜ

ಜಿರಳೆ ಔಷಧಿ ಹೊಡೆಯುವವರು ಭಾನುವಾರ ಹನ್ನೊಂದಕ್ಕೆ ಬರುತ್ತಾರೆಂಬ ನೋಟಿಸನ್ನು ಶೆಟ್ಟೆಪ್ಪ ಲಿಫ್ಟಿನಲ್ಲಿ ಓದಿದ್ದು ಭಾನುವಾರ ಹತ್ತೂವರೆಗೆ. ಸಿಟ್ಟು ನೆತ್ತಿಗೇರಿತು.

ಶೆಟ್ಟೆಪ್ಪ ಪರೇಲಿನ ಕಾಲೇಜೊಂದರಲ್ಲಿ ಕೀಟಶಾಸ್ತ್ರದ ಮೇಷ್ಟ್ರು. ಚೆಂಬೂರಿನ ಅವನ ಅಡುಗೆಮನೆಯ ಗಾಜಿನ ನಳಿಗೆಯಲ್ಲಿ, ಬಿಲ್ಡಿಂಗಿನದೇ ಪೈಪುಗಳ ಡಕ್ಟಿನಿಂದ ಹೆಕ್ಕಿ ತಂದ ಒಂದು ಜಿರಳೆ ಮೊಟ್ಟೆಯ ಕೋಶವಿತ್ತು. ಅದರೊಳಗೆ ಆ ಮೊಟ್ಟೆಗಳನ್ನೇ ತಿಂದು ಬೆಳೆಯುವ, ಸಾಸಿವೆಗಿಂತ ಸಣ್ಣ ಕಣಜದ ಹುಳು. ಲೋಕದಲ್ಲಿ ಯಾರೂ ಇನ್ನೂ ಹೆಸರಿಡದ ಪ್ರಭೇದ. ಎರಡು ವರ್ಷದಲ್ಲಿ ಎರಡು ಗಂಡು ಸಿಕ್ಕಿದ್ದವು. ಹೆಣ್ಣು ಸಿಗದೆ ಅದು ಹೊಸದೆಂದು ಯಾರೂ ಒಪ್ಪುತ್ತಿರಲಿಲ್ಲ. ಈ ಕೋಶ ಇವತ್ತು ಒಡೆಯುವುದರಲ್ಲಿತ್ತು. ಔಷಧಿಯ ಗಾಳಿ ತಾಗಿದರೆ ಮುಗಿಯಿತು.

ಸೊಸೈಟಿಯ ಸೆಕ್ರೆಟರಿ ಕೊರಗಪ್ಪನವರಿಗೆ ಸಾಂತಾಕ್ರೂಜ್‌ನಲ್ಲಿ ಹೋಟೆಲು. ಔಷಧಿಯವರನ್ನು ಒಂದು ದಿನ ತಡೆಯಿರಿ ಎಂದರೆ ಅವರು ಕಣ್ಣು ಕೆಂಪಗೆ ಮಾಡಿದರು.

“ಎಂತದು ಮಾರಾಯ್ರೆ, ಜಿರಳೆ ಸಾಕ್ಲಿಕ್ಕೆ ಸೊಸೈಟಿ ಪರ್ಮಿಷನ್ ಉಂಟಾ?”

“ಸಾಕಾಕತ್ತಿಲ್ರೀ. ಅದರ ತತ್ತಿ ತಿನ್ನೂ ಹುಳಾ ನೋಡಾಕತ್ತೀನಿ.”

ಎದುರುಮನೆಯ ಗಂಗುಬಾಯಿ ಬಾಗಿಲಿನಿಂದಲೇ ಹೇಳಿದಳು, “ಅದಕ್ಕ ನಮ್ಮ ಮನ್ಯಾಗ ಇಷ್ಟು ಕಾಕ್ರೋಚ್. ಮಾಸ್ತರ ಸಾಕ್ಯಾರ ನೋಡ್ರಿ.”

ಹತ್ತು ನಿಮಿಷದಲ್ಲಿ ಇಡೀ ಬಿಲ್ಡಿಂಗು ಮೆಟ್ಟಿಲ ಮೇಲೆ ನೆರೆಯಿತು. ಶೆಟ್ಟೆಪ್ಪ ಹಲ್ಲು ಕಚ್ಚಿ ಸಿಟ್ಟು ನುಂಗಿದ.

“ಹುಳಕ್ಕ ನಿಮ್ಮ ಹೆಸರು ಇಡ್ತೀನ್ರಿ, ಲ್ಯಾಟಿನ್ ಮಾಡಿ. ಕೊರಗಪ್ಪೈ. ನೂರು ವರ್ಷ ಪುಸ್ತಕದಾಗ ಉಳೀತದ.”

ಹುಳದ ಹೆಸರಿನ ಆ ಜಾಗವನ್ನು ಅವನು ತೀರಿಹೋದ ಅವ್ವನ ಹೆಸರಿಗೆಂದು ಎತ್ತಿಟ್ಟಿದ್ದ. ಹೇಳುವಾಗ ಬಾಯಿ ಕಹಿಯಾಯಿತು. ಕೊರಗಪ್ಪನವರು ಮಾತ್ರ ಬೆಣ್ಣೆಯಂತೆ ಕರಗಿ, ಔಷಧಿಯವರಿಗೆ ಸಂಜೆ ಆರು ಗಂಟೆಗೆ ಬರಲು ಹೇಳಿ ಕಳಿಸಿದರು.

ಮೂರಕ್ಕೆ ಕೋಶ ಒಡೆಯಿತು. ಹೆಣ್ಣು. ಒಂದೇ ಒಂದು. ಶೆಟ್ಟೆಪ್ಪ ಅದನ್ನು ಮದ್ಯಸಾರದಲ್ಲಿ ಅದ್ದಿ, ಒಣಗಿಸಿ, ಕಾಗದದ ಚೂಪು ತುದಿಯ ಮೇಲಿಟ್ಟ. ಗೋಂದು ಹಚ್ಚುವುದೊಂದೇ ಬಾಕಿ ಎನ್ನುವಾಗ, ಆರಕ್ಕೆ ಸ್ವಲ್ಪ ಮುಂಚೆ, ಹುಳ ನೋಡಲು ನೆರೆಹೊರೆಯೆಲ್ಲ ಒಳಗೆ ನುಗ್ಗಿತು.

“ಫ್ಯಾನ್ ಹಚ್ಚಬ್ಯಾಡ್ರಿ. ಉಸಿರು ಬಿಡಬ್ಯಾಡ್ರಿ. ಹಾರಿಹೋಗ್ತದ,” ಎಂದು ಶೆಟ್ಟೆಪ್ಪ ಗದರಿದ. ಗಂಗುಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ನನ್ನ ಬಗ್ಗೆ ಎಂತ ಬರ್ದಿದ್ದೀರಿ? ಸ್ವಲ್ಪ ಓದಿ,” ಎಂದರು ಕೊರಗಪ್ಪ.

ಬೇಗ ತೊಲಗಲಿ ಎಂದು ಶೆಟ್ಟೆಪ್ಪ ಪಕ್ಕದ ಹಾಳೆಯಲ್ಲಿ ಬರೆದಿಟ್ಟಿದ್ದ ಹುಳದ ವರ್ಣನೆ ಓದಿದ. “ಕೊರಗಪ್ಪೈ. ತಲೆ ಅಗಲ, ಕತ್ತು ಕಾಣುವುದಿಲ್ಲ. ಹೊಟ್ಟೆ ಉಬ್ಬಿದೆ, ಹೊಳೆಯುತ್ತದೆ. ವಾಸ ಜಿರಳೆಯ ಮೊಟ್ಟೆಯೊಳಗೆ.”

ಗಂಗುಬಾಯಿಯ ಕಣ್ಣು ಕೊರಗಪ್ಪನವರ ಹೊಟ್ಟೆಯ ಮೇಲೆ ನಿಂತಿತು. ಸೆರಗಿನೊಳಗಿನಿಂದ ನಗು ಕೇಳಿಸಿತು.

“ತೆಗೀರಿ ನನ್ನ ಹೆಸರು,” ಕೊರಗಪ್ಪ ಗುಡುಗಿದರು. “ಕೊರಗಪ್ಪ ಇರುದು ಜಿರಳೆ ಒಳಗೆ ಅಂತ ಗೊತ್ತಾದ್ರೆ ನನ್ನ ಹೋಟೆಲಿಗೆ ನಾಯಿ ಸಹ ಬರ್ಲಿಕ್ಕಿಲ್ಲ.”

ಬೆಳಿಗ್ಗೆಯಿಂದ ನುಂಗಿದ್ದ ಸಿಟ್ಟೆಲ್ಲ ಒಮ್ಮೆಲೇ ಉಕ್ಕಿತು. ಗೋಂದಿನ ಕಡ್ಡಿ ಹಿಡಿದು ಮೇಜಿನ ಮೇಲೆ ಬಗ್ಗಿದ್ದ ಶೆಟ್ಟೆಪ್ಪ ಎದೆತುಂಬ ಉಸಿರೆಳೆದು ಅಬ್ಬರಿಸಿದ, “ತಗೀತೀನ್ರೀ. ನಮ್ಮವ್ವನ ಹೆಸರೇ ಇಡ್ತೀನಿ. ನಿಮ್ಮಂಥಾವರ ಹೆಸರು ಹುಳಕ್ಕೂ ಬ್ಯಾಡ.”

ಕೆಳಗೆ ನೋಡಿದ. ಕಾಗದದ ತುದಿ ಖಾಲಿಯಿತ್ತು. ಯಾರೂ ಉಸಿರು ಬಿಡದಂತೆ ಕಾದವನು ತಾನೇ ಊದಿಬಿಟ್ಟಿದ್ದ.

ಎಲ್ಲರೂ ಮಂಡಿಯೂರಿ ನೆಲ ಹುಡುಕುತ್ತಿರುವಾಗ ಬಾಗಿಲಲ್ಲಿ ಔಷಧಿಯ ಪಂಪು ಹೊತ್ತವನು ಕಾಣಿಸಿಕೊಂಡ.

“ಛೇ ಬಜ್ ಗಯಾ ಸಾಬ್. ಕಿಧರ್ ಸೆ ಶುರೂ ಕರೂಂ?” ಆರು ಹೊಡೆಯಿತು, ಎಲ್ಲಿಂದ ಶುರು ಮಾಡಲಿ ಎಂದು ಅವನ ಪ್ರಶ್ನೆ.

ಕೊರಗಪ್ಪ ಎದ್ದು, ಪಂಚೆಯ ಧೂಳನ್ನು ಚೆನ್ನಾಗಿ ಕೊಡವಿ, ಶೆಟ್ಟೆಪ್ಪನ ಅಡುಗೆಮನೆ ತೋರಿಸಿದರು.

“ಇಧರ್ ಸೆ.”