ಆಕಸ್ಮಿಕ ಭೇಟಿ ಮಂಡಳಿಯ ಮೊದಲ ಯಶಸ್ಸು

ಸಿಲ್‌ಹಾಮ್ನ್ ನಗರದಲ್ಲಿ ಪ್ರೇಮವು ನಗರಸಭೆಯ ನೀರು, ಒಳಚರಂಡಿ ಮತ್ತು ಹಿಮ ತೆರವು ವಿಭಾಗದ ಅಡಿಯಲ್ಲಿ ಬರುತ್ತದೆ. ಮೊದಲು ಅದು ಯಾರ ಅಡಿಯಲ್ಲೂ ಬರುತ್ತಿರಲಿಲ್ಲ. ಅದರ ಪರಿಣಾಮ ಏನಾಯಿತೆಂದರೆ, ನಗರಸಭೆಯ ಮದುವೆ ಕೋಣೆಯಲ್ಲಿ ಮದುವೆಗಳು ನಿಂತುಹೋಗಿ, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನ ಮೂಟೆಗಳನ್ನು ಅಲ್ಲಿ ಪೇರಿಸಿಡಲಾಯಿತು. ಮದುವೆ ಮಾಡಿಸುವ ಅಧಿಕಾರಿ ಸಂಬಳದ ದಿನ ಮಾತ್ರ ಬರುತ್ತಿದ್ದರು. ಅವರ ಮೇಜಿಗೆ ಹೋಗಲು ಆ ಮೂಟೆಗಳನ್ನು ಹತ್ತಿ ಇಳಿಯಬೇಕಾಗಿತ್ತು, ಮತ್ತು ಆ ವಯಸ್ಸಿನಲ್ಲಿ ಅದು ಸುಲಭವಲ್ಲ.

ಕಾರಣ ಪತ್ತೆ ಮಾಡಲು ಒಂದು ಸಮಿತಿ ನೇಮಕವಾಯಿತು. ಸಮಿತಿಯವರು ಅಧ್ಯಯನಕ್ಕೆಂದು ಫೆಬ್ರವರಿಯಲ್ಲಿ ಇಟಲಿಯ ಕಡಲತೀರಕ್ಕೆ ಹೋಗಿ, ಮೈ ಕೆಂಪಗೆ ಮಾಡಿಕೊಂಡು ಬಂದು, ವರದಿ ಕೊಟ್ಟರು. ಬೇರೆ ಕಡೆ ಜನ ಬ್ರೆಡ್ಡಿನ ಅಂಗಡಿಯಲ್ಲಿ, ಮೀನಿನ ಅಂಗಡಿಯಲ್ಲಿ, ಔಷಧಿ ಅಂಗಡಿಯಲ್ಲಿ ಆಕಸ್ಮಿಕವಾಗಿ ಭೇಟಿಯಾಗಿ ಮದುವೆಯಾಗುತ್ತಾರೆ. ನಮ್ಮವರೂ ಅದೇ ಅಂಗಡಿಗಳಿಗೆ ಹೋಗುತ್ತಾರೆ, ಆದರೆ ಬ್ರೆಡ್ಡು, ಮೀನು ಮತ್ತು ಔಷಧಿ ಮಾತ್ರ ತರುತ್ತಾರೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನಂಬಿ ಕೂರುವ ಹಾಗಿಲ್ಲ ಎಂಬುದು ವರದಿಯ ಸಾರ. ನಮ್ಮೂರಲ್ಲಿ ಅವಳು ನೀರಿಗೂ ಬರುತ್ತಾಳೆ. ಸರದಿ ಚೀಟಿ ಹರಿದುಕೊಂಡು ದೂರ ನಿಂತು, ತನ್ನ ಸಂಖ್ಯೆ ಬಂದಾಗ ನೀರು ತುಂಬಿಸಿಕೊಂಡು, ಯಾರ ಮುಖವನ್ನೂ ನೋಡದೆ ಮನೆಗೆ ಹೋಗುತ್ತಾಳೆ.

ಇದು ಸೊಕ್ಕಲ್ಲ, ಮರ್ಯಾದೆ. ಮನೆಯಿಂದ ಹೊರಡುವ ಮುಂಚೆ ನಾವು ಬಾಗಿಲಿಗೆ ಕಿವಿ ಕೊಟ್ಟು, ಮೆಟ್ಟಿಲ ಮೇಲೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡೇ ಚಿಲಕ ತೆಗೆಯುತ್ತೇವೆ. ಪಾಪ, ಎದುರುಮನೆಯವರಿಗೆ ಬೆಳಿಗ್ಗೆ ಬೆಳಿಗ್ಗೆಯೇ ಮಾತಾಡುವ ಕಷ್ಟ ಯಾಕೆ ಕೊಡಬೇಕು? ಬೀದಿಯಲ್ಲಿ ಯಾರಾದರೂ ಜಾರಿ ಬಿದ್ದರೆ ಆಕಾಶ ನೋಡುತ್ತೇವೆ. ಬಿದ್ದವರ ಮಾನ ಹೋಗಬಾರದಲ್ಲ.

ಹೀಗಾಗಿ ಆಕಸ್ಮಿಕ ಭೇಟಿ ಮಂಡಳಿ ಸ್ಥಾಪನೆಯಾಯಿತು. ಆ ವರ್ಷ ಹಿಮ ಕಡಿಮೆ ಬಿದ್ದಿದ್ದರಿಂದ ಹಿಮ ತೆರವಿನ ಗುಮಾಸ್ತನಾಗಿದ್ದ ನನ್ನನ್ನು ಅಲ್ಲಿಗೆ ಹಾಕಿದರು. ಅಧ್ಯಕ್ಷೆ ಗುನ್ವೋರ್ ನನ್ನ ಹಳೆಯ ಮೇಲಧಿಕಾರಿಣಿ. ಒಳಚರಂಡಿಯಲ್ಲಿ ಒಳ್ಳೆಯ ಹೆಸರು ಮಾಡಿದವರು. ಅವರ ಮೊದಲ ಪ್ರಕಟಣೆಯನ್ನು ನಾನೇ ಊರಿನ ಬಸ್ ನಿಲ್ದಾಣಗಳಿಗೆಲ್ಲ ಅಂಟಿಸಿ ಬಂದೆ:

"ಆಕಸ್ಮಿಕವಾಗಿ ಭೇಟಿಯಾಗಲಿಚ್ಛಿಸುವ ನಾಗರಿಕರು ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ಇಂಥ ವ್ಯಕ್ತಿಯನ್ನೇ ಭೇಟಿಯಾಗಬೇಕೆಂದು ಕೋರತಕ್ಕದ್ದಲ್ಲ. ಭೇಟಿಯ ಸಮಯದಲ್ಲಿ ಅರ್ಜಿದಾರರು ಆಶ್ಚರ್ಯಪಡತಕ್ಕದ್ದು. ಅನುಮತಿಯಿಲ್ಲದೆ ಆಕಸ್ಮಿಕವಾಗಿ ಭೇಟಿಯಾದವರು ಕೂಡಲೇ ಮೊದಲಿನಂತೆ ಅಪರಿಚಿತರಾಗಿ, ಕ್ರಮಪ್ರಕಾರ ಅರ್ಜಿ ಹಾಕಿಕೊಳ್ಳತಕ್ಕದ್ದು."

ಭೇಟಿಗೆ ಒಂದು ನೆಪ ಬೇಕು. ಇಟಲಿಯಲ್ಲಿ ಹೆಂಗಸೊಬ್ಬಳ ಚೀಲ ಹರಿದು ಕಿತ್ತಳೆ ಉರುಳಿದ್ದನ್ನೂ, ಗಂಡಸೊಬ್ಬ ಓಡಿಬಂದು ಎತ್ತಿಕೊಟ್ಟಿದ್ದನ್ನೂ ಸಮಿತಿ ಕಣ್ಣಾರೆ ಕಂಡಿತ್ತು. ಆದ್ದರಿಂದ ತುಂಬಿದ ಕೂಡಲೇ ತಳ ಹರಿಯುವ ಕಾಗದದ ಚೀಲಗಳಿಗೆ ಟೆಂಡರ್ ಕರೆಯಲಾಯಿತು. ಗುನ್ವೋರ್ ಅವರ ಮೈದುನ ಬೋಟ್ವಿದ್‌ಗೆ ಒಂದು ಚೀಲದ ಕಾರ್ಖಾನೆ ಇದೆ. ಅವನ ಚೀಲಗಳು ತಡೆಯುವುದಿಲ್ಲವೆಂದು ಊರಿನ ಅಂಗಡಿಗಳೆಲ್ಲ ವಾಪಸು ಕಳಿಸಿ, ಗೋದಾಮು ತುಂಬಿಹೋಗಿತ್ತು. ಟೆಂಡರಿನ ಷರತ್ತನ್ನು ಪೂರೈಸಿದ ಏಕೈಕ ಕಂಪನಿ ಅದು ಎಂದು ತಾಂತ್ರಿಕ ಪರೀಕ್ಷೆಯಲ್ಲಿ ಸಾಬೀತಾಯಿತು. ಮಾಮೂಲಿ ಚೀಲಕ್ಕಿಂತ ದರ ಮೂರು ಪಟ್ಟು ಹೆಚ್ಚಿದ್ದುದಕ್ಕೆ, ಹರಿಯುವ ಗುಣವನ್ನು ಪ್ರತ್ಯೇಕವಾಗಿ ಸೇರಿಸಲಾಗಿದೆ ಎಂದು ಬೋಟ್ವಿದ್ ವಿವರಣೆ ಕೊಟ್ಟ.

ಅರ್ಜಿದಾರರಿಗೆ ಕಿತ್ತಳೆಯೊಂದಿಗೆ ಹಂಚಿದ ಚೀಲಗಳು ತಮ್ಮ ಕೆಲಸ ಮಾಡಿದವು. ಜನವೂ ತಮ್ಮ ಕೆಲಸ ಮಾಡಿದರು, ಅಂದರೆ ಆಕಾಶ ನೋಡಿದರು. ಮೀನು ಮಾರುಕಟ್ಟೆಯ ನೆಲದ ತುಂಬ ಕಿತ್ತಳೆಯಾಯಿತು. ಕಳೆದುಕೊಂಡವರು ತಮ್ಮದಲ್ಲವೆಂಬಂತೆ ನಡೆದರು, ಉಳಿದವರು ಕಿತ್ತಳೆಯೇ ಇಲ್ಲವೆಂಬಂತೆ ದಾಟಿದರು. ಬಿದ್ದ ಹಣ್ಣು ಗುಡಿಸುವ ಗುತ್ತಿಗೆಗೆ ಮತ್ತೊಂದು ಟೆಂಡರ್ ಕರೆದಾಗ ಅದೂ ಬೋಟ್ವಿದ್‌ಗೇ ಸಿಕ್ಕಿತು. ಆ ವಸಂತದಲ್ಲಿ ಅವನು ಕಿತ್ತಳೆ ರಸದ ವ್ಯಾಪಾರವನ್ನೂ ಶುರುಮಾಡಿದ.

ಇಂಥ ಹೊತ್ತಿನಲ್ಲಿ ಹಿಲ್ಲೆವಿ ಎಂಬಾಕೆ ನಮ್ಮ ಕಚೇರಿಗೆ ಬಂದರು. ಕಟ್ಟು ಹಲ್ಲು ತಯಾರಿಸುವ ಕೆಲಸ, ಐವತ್ತರ ಆಸುಪಾಸು, ಮಳೆಕೋಟಿಗೆ ಸಾಸಿವೆ ಬಣ್ಣ. ಸರದಿ ಚೀಟಿ ತೆಗೆದುಕೊಂಡು, ಕಚೇರಿಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ತಮ್ಮ ಸಂಖ್ಯೆ ಬರುವ ತನಕ ಕೂತಿದ್ದು, ನನ್ನೆದುರು ಬಂದರು.

"ನಂಗೊಂದು ಆಕಸ್ಮಿಕ ಭೇಟಿ ಬೇಕಿತ್ತು," ಎಂದರು. "ಇಂಥವರೇ ಅಂತ ಕೇಳೋ ಹಾಗಿಲ್ಲ ಅಲ್ವಾ?"

ಇಲ್ಲ ಎಂದೆ.

"ಕೇಳ್ತಿಲ್ಲ ನಾನು. ಉದಾಹರಣೆಗೆ ಅಷ್ಟೇ. ಉದಾಹರಣೆಗೆ, ಮಂಗಳವಾರ ಹೆರಿಂಗ್ ಮೀನು ಹುರಿಯೋ ಅಂಥೋರು. ಕೆಮ್ಮು ಬಂದ್ರೆ ಬೇರೆಯವರಿಗೆ ಕೇಳಿಸ್ಬಾರ್ದು ಅಂತ ನಲ್ಲಿ ಬಿಟ್ಕೊಂಡು ಕೆಮ್ಮೋ ಅಂಥೋರು." ಸ್ವಲ್ಪ ಹೊತ್ತು ತಮ್ಮ ಕೈಗವಸು ನೋಡಿದರು. "ನೋಡಿ, ಇಷ್ಟು ವರ್ಷದಿಂದ ಸದ್ದು ಕೇಳಿ ಕೇಳಿ ಅವರಿಲ್ದೆ ನಂಗೆ ನಿದ್ದೆ ಬರಲ್ಲ. ಮುಖ ಒಂದ್ಸಲ ಸರಿಯಾಗಿ ನೋಡ್ಬೇಕು. ಉದಾಹರಣೆಗೆ."

ಅದೇ ವಾರ ಸಿಕ್ಸ್‌ಟೆನ್ ಎಂಬ ಗಂಡಸೊಬ್ಬರ ಅರ್ಜಿ ಬಂತು. ದ್ವೀಪಗಳಿಗೆ ಓಡಾಡುವ ದೋಣಿಯಲ್ಲಿ ಎಂಜಿನ್ ನೋಡಿಕೊಳ್ಳುವವರು. ಅವರಿಗೂ ಇಂಥವರೇ ಬೇಕೆಂದೇನಿರಲಿಲ್ಲ. ಖಾಲಿ ಬಾಟಲಿ ಹಿಂದಿರುಗಿಸಲು ಹೋಗುವಾಗ ಮೆಟ್ಟಿಲಿಳಿಯುತ್ತ ಸಿಳ್ಳೆ ಹಾಕುವ, ಎರಡನೇ ಮಹಡಿಯ ತಿರುವಿನಲ್ಲಿ ಸಿಳ್ಳೆ ನಿಲ್ಲಿಸುವ ಯಾರಾದರೂ ಆದೀತು ಎಂದಿದ್ದರು. ವಿಳಾಸ ನೋಡಿದೆ. ಹಿಲ್ಲೆವಿಯದೇ ಕಟ್ಟಡ, ಅದೇ ಮಹಡಿ, ಎದುರು ಬಾಗಿಲು. ಹಿಮ ತೆರವಿನಲ್ಲಿ ಅಷ್ಟು ವರ್ಷ ದುಡಿದರೂ ನನಗೆ ಅಂಥ ಸಂತೋಷ ಆಗಿರಲಿಲ್ಲ. ಇಬ್ಬರನ್ನೂ ಶನಿವಾರ ಮೀನಿನ ಅಂಗಡಿಗೆ ಹಾಕಿ, ಒಳ್ಳೆಯ ಚೀಲವೊಂದನ್ನು ನಾನೇ ಆರಿಸಿ ಹಿಲ್ಲೆವಿಗೆ ಕೊಟ್ಟೆ.

ವೀಕ್ಷಕನಾಗಿ ನಾನು ಸೀಗಡಿ ಬುಟ್ಟಿಯ ಹಿಂದೆ ನಿಂತಿದ್ದೆ. ಚೀಲ ನಿಗದಿತ ಹೊತ್ತಿಗೆ ಹರಿಯಿತು. ಕಿತ್ತಳೆಗಳು ನೇರವಾಗಿ ಸಿಕ್ಸ್‌ಟೆನ್‌ರ ಬೂಟಿಗೆ ಬಂದು ತಾಗಿದವು. ಅವರು ತಲೆಯೆತ್ತಿದರು, ಸಾಸಿವೆ ಬಣ್ಣದ ಕೋಟು ಕಂಡರು, ಬಾಗಿಲ ಗಾಜಿನ ಕಿಂಡಿಯಿಂದ ಅದನ್ನು ನೋಡಿ ಬಲ್ಲವರಾದ್ದರಿಂದ ಎದುರುಮನೆಯವರೆಂದು ಗುರುತು ಹಿಡಿದರು. ಎದುರುಮನೆಯವರು ಹೊರಗೆ ಸಿಕ್ಕಾಗ ಗುರುತಿಲ್ಲದಂತೆ ಇರಬೇಕೆಂಬುದು ನಮ್ಮಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಸಿಕ್ಸ್‌ಟೆನ್ ಬಂಗುಡೆಗಳ ಕಡೆ ತಿರುಗಿ ಅವುಗಳನ್ನೇ ದಿಟ್ಟಿಸಿದರು. ಅವರ ಕಿವಿ ಕೆಂಪಗಾಗಿತ್ತು. ಅವರಿಗೆ ಮುಜುಗರವಾಗದಿರಲೆಂದು ಹಿಲ್ಲೆವಿ ಮೀನನ್ನೂ ಕೊಳ್ಳದೆ ಹೊರಟುಹೋದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಾನು ಗುನ್ವೋರ್ ಅವರ ಬಳಿ ಹೋಗಿ, ಇನ್ನೊಂದು ಅವಕಾಶ ಕೊಡೋಣ ಎಂದೆ. ಅವರು ಕಡತ ತೆರೆದು ವಿಳಾಸಗಳನ್ನು ನೋಡಿ ಕನ್ನಡಕ ತೆಗೆದರು.

"ಏನ್ ಮಾರಾಯ, ಎದುರುಬದುರು ಮನೆಯೋರನ್ನ ತಂದು ಆಕಸ್ಮಿಕ ಅಂತೀಯಲ್ಲ. ನಾಳೆ ಗಂಡ ಹೆಂಡ್ತಿ ಅಡುಗೆಮನೇಲಿ ಸಿಕ್ಕಿದ್ರೂ ನಮ್ಮ ಲೆಕ್ಕಕ್ಕೆ ಬರ್ಸ್ತೀಯ?"

"ಇಬ್ಬರಿಗೂ ಮನಸ್ಸಿದೆ," ಎಂದೆ.

"ಮನಸ್ಸಿದ್ರೆ ಅದು ಆಕಸ್ಮಿಕ ಹೇಗಾಗುತ್ತೆ?"

ಆದೇಶ ಸಿದ್ಧವಾಯಿತು. ಒಂದೇ ಮಹಡಿಯ ನಿವಾಸಿಗಳು ಪರಸ್ಪರ ಭೇಟಿಗೆ ಅನರ್ಹರು. ಇಬ್ಬರಲ್ಲೊಬ್ಬರು ಬೇರೆಡೆ ಮನೆ ಮಾಡಿದ ಬಳಿಕ ಅರ್ಹತೆಯನ್ನು ಪುನಃ ಪರಿಶೀಲಿಸಲಾಗುವುದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದೆ, ಆದರೆ ಆ ಆದೇಶಕ್ಕೆ ಟಿಪ್ಪಣಿ ಬರೆದ ಪೂಜಾರಿ ನಾನೇ ಆದ್ದರಿಂದ ಅದನ್ನು ಇಲ್ಲಿ ಬಳಸುವುದಿಲ್ಲ.

ಆದೇಶವನ್ನು ಇಬ್ಬರಿಗೂ ಏಕಕಾಲಕ್ಕೆ ಓದಿ ಹೇಳಬೇಕೆಂದು ನಿಯಮ. ಮೂರನೇ ಮಹಡಿಗೆ ಹೋಗಿ ಎರಡು ಬಾಗಿಲುಗಳ ನಡುವೆ ನಿಂತೆ. ಜಾಗ ಎಷ್ಟು ಚಿಕ್ಕದೆಂದರೆ, ಎರಡೂ ಕೈ ಚಾಚಿ ಎರಡೂ ಕರೆಗಂಟೆಗಳನ್ನು ಒಟ್ಟಿಗೆ ಒತ್ತಿದೆ. ಎರಡು ಕಡೆಯೂ ಹೆಜ್ಜೆ ಸದ್ದು ಬಂತು, ಎರಡು ಕಡೆಯೂ ನಿಂತಿತು. ಎದುರು ಬಾಗಿಲು ತೆರೆಯಬಹುದೆಂಬ ಸಂಕೋಚಕ್ಕೆ ಯಾರೂ ತೆರೆಯಲಿಲ್ಲ. ಕೊನೆಗೆ ಎರಡೂ ಬಾಗಿಲುಗಳಲ್ಲಿ ಕಾಗದ ಹಾಕಲೆಂದು ಕೆಳಗಿರುವ ಅಂಚೆ ಕಿಂಡಿಗಳ ಮುಚ್ಚಳಗಳು ಒಂದಿಷ್ಟು ಮೇಲೆದ್ದವು. ನಾನು ಮಧ್ಯದಲ್ಲಿ ಮಂಡಿಯೂರಿ ಆದೇಶ ಓದಿದೆ.

ಮೊದಲು ಮಾತಾಡಿದ್ದು ಸಿಕ್ಸ್‌ಟೆನ್. "ಬಾಡಿಗೆ ಮನೆ ಸರದಿ ಈಗ ಹೇಗಿದೆ?"

ನಮ್ಮಪ್ಪ ಸರದಿಯಲ್ಲಿ ಹೆಸರು ಬರೆಸಿದ್ದರು, ಮನೆ ಸಿಕ್ಕಿದ್ದು ನನ್ನ ಕಾಲಕ್ಕೆ ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದೆ.

ಬಲಗಡೆಯ ಕಿಂಡಿಯಿಂದ ಹಿಲ್ಲೆವಿಯ ದನಿ ಬಂತು. "ಅವರನ್ನ ಕೇಳಿ, ಹೋಗ್ತಾರಾ ಅಂತ."

ಸಿಕ್ಸ್‌ಟೆನ್‌ಗೆ ಇದು ಚೆನ್ನಾಗಿ ಕೇಳಿಸಿರುತ್ತದೆ. ಆದರೆ ತನಗೆ ಹೇಳದ ಮಾತನ್ನು ಕೇಳಿಸಿಕೊಳ್ಳುವುದು ನಮ್ಮಲ್ಲಿ ಇಲ್ಲ. ಎಡಕ್ಕೆ ತಿರುಗಿ, ಹೋಗುತ್ತೀರಾ ಎಂದು ಕೇಳಿದೆ.

"ಹೋಗು ಅಂದ್ರೆ ಹೋಗ್ತೀನಿ ಅಂತ ಹೇಳಿ."

ಬಲಕ್ಕೆ ತಿರುಗಿ ಹೇಳಿದೆ.

"ಹೋಗೋದು ಬೇಡ ಅಂತ ಹೇಳಿ."

ಹೇಳಿದೆ. ಎಡಗಡೆ ಮೂಗು ಸೀಟುವ ಸದ್ದು ಕೇಳಿಸಿತು, ಜೊತೆಗೆ ನಲ್ಲಿ ಬಿಟ್ಟ ಸದ್ದೂ. ಬಳಿಕ ಹಿಲ್ಲೆವಿ ಮಂಗಳವಾರದ ಮೀನಿಗೆ ಯಾವ ಹಿಟ್ಟು ಹಚ್ಚುತ್ತಾರೆಂದು ನನ್ನಿಂದ ಕೇಳಿಸಿದರು, ರೈ ಹಿಟ್ಟು ಎಂದು ಉತ್ತರ ಬಂತು, ತಾನೂ ಹಾಗೇ ಅಂದುಕೊಂಡಿದ್ದೆ ಎಂದು ತಿಳಿಸಿದರು. ಅಂದು ಮಂಗಳವಾರವೇ. ಎಡಗಡೆಯ ಕಿಂಡಿಯಿಂದ ಒಣರೊಟ್ಟಿಯ ಮೇಲಿಟ್ಟ ಒಂದು ಹುರಿದ ಮೀನು ಮೆಲ್ಲಗೆ ಹೊರಬಂತು. ನಮ್ಮ ಒಣರೊಟ್ಟಿ ತೆಳ್ಳಗಿರುವುದರಿಂದ ಅಂಚೆ ಕಿಂಡಿಯಲ್ಲಿ ಸಲೀಸಾಗಿ ಹಿಡಿಸುತ್ತದೆ. ನಾನು ಅದನ್ನು ಬಲಗಡೆಯ ಕಿಂಡಿಗೆ ದಾಟಿಸಿದೆ.

ಮರುದಿನ ಅವರಿಬ್ಬರೂ ನನ್ನನ್ನು ಮತ್ತೆ ಕಳಿಸಬೇಕೆಂದು ಮಂಡಳಿಗೆ ಮನವಿ ಮಾಡಿದರು. ಗುನ್ವೋರ್ ಇದನ್ನು ಕೂಲಂಕಷವಾಗಿ ಪರಿಶೀಲಿಸಿದರು. ಬಾಗಿಲು ತೆರೆದಿಲ್ಲವಾದ್ದರಿಂದ ಭೇಟಿ ನಡೆದಿಲ್ಲ; ಭೇಟಿ ನಡೆದಿಲ್ಲವಾದ್ದರಿಂದ ನಿಯಮ ಮುರಿದಿಲ್ಲ; ಇಬ್ಬರೂ ಸಂತುಷ್ಟರಾದ್ದರಿಂದ ಗುರಿ ಮುಟ್ಟಿದೆ. ವಾರ್ಷಿಕ ವರದಿಯಲ್ಲಿ ಇದನ್ನು ಮಂಡಳಿಯ ಮೊದಲ ಯಶಸ್ವಿ ಭೇಟಿ ಎಂದು ಸೇರಿಸಲಾಯಿತು.

"ನೀನು ಸುಮ್ನೆ ಕೂತಿದ್ದಕ್ಕೇ ಕೆಲಸ ಆಯ್ತು ಅಂದ್ರೆ ಬೋಟ್ವಿದ್‌ಗೆ ಏನ್ ಹೇಳ್ಲಿ?" ಎಂಬುದಷ್ಟೇ ಅವರ ಚಿಂತೆ. ಮಂಡಿಯೂರಿ ಕೂರುವುದು ನೌಕರರ ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ನಿರ್ಣಯವಾಗಿ, ಮಡಚುವ ಸ್ಟೂಲು ಪೂರೈಸುವ ಗುತ್ತಿಗೆ ಅವನಿಗೆ ಹೋಯಿತು. ಆ ಸ್ಟೂಲು ಕೂತವರಿದ್ದಾಗಲೂ ಮಡಚಿಕೊಳ್ಳುತ್ತದೆ. ಊರಿನ ಇತರ ಕಟ್ಟಡಗಳಿಂದಲೂ ಬೇಡಿಕೆ ಬಂದು, ಉಪ್ಪು ಸುರಿಯುವವರನ್ನೂ ಚರಂಡಿ ತೆಗೆಯುವವರನ್ನೂ ಮೆಟ್ಟಿಲಿನ ಅಧಿಕಾರಿಗಳಾಗಿ ನೇಮಿಸಲಾಯಿತು. ಮಹಡಿ ಮಹಡಿಯಲ್ಲೂ ಒಬ್ಬರು ಎಡಕ್ಕೂ ಬಲಕ್ಕೂ ತಿರುಗುತ್ತ ಕೂತಿರುವುದು ಈಗ ಸಾಮಾನ್ಯ ದೃಶ್ಯ. ದಾಟಿಹೋಗುವವರು ಅವರನ್ನು ನೋಡದೆ ದಾಟುತ್ತಾರೆ.

ಜೂನ್ ತಿಂಗಳ ಕೊನೆಯ ಶುಕ್ರವಾರ ನಾನು ಸ್ಟೂಲು ಹಿಡಿದು ಎಂದಿನಂತೆ ಮೂರನೇ ಮಹಡಿಗೆ ಹೋದೆ. ಹಿಲ್ಲೆವಿ ಕಿಂಡಿಯ ಹಿಂದಿನಿಂದ, "ಅವರಿಗೆ ಹೇಳಿ, ಬಾಗಿಲು ತೆಗೆಯೋಕೆ ನಂದೇನೂ ಅಭ್ಯಂತರ ಇಲ್ಲ ಅಂತ," ಎಂದರು.

"ಕೇಳಿಸ್ತು," ಎಂದರು ಸಿಕ್ಸ್‌ಟೆನ್.

ನಾನು ತಲುಪಿಸುವ ಮುಂಚೆ ಕೇಳಿಸಿಕೊಳ್ಳುವುದು ಕ್ರಮವಲ್ಲ ಎಂದು ಅವರ ಗಮನಕ್ಕೆ ತಂದೆ.

"ಹೌದು, ತಪ್ಪಾಯ್ತು. ಹೇಳಿ."

ಹೇಳಿದೆ.

"ನಂದೂ ಇಲ್ಲ ಅಂತ ಹೇಳಿ."

ಅದನ್ನೂ ಹೇಳಿದೆ. ಎರಡು ಕಡೆಯೂ ಚಿಲಕದ ಮೇಲೆ ಕೈಯಿಟ್ಟ ಸದ್ದು ಕೇಳಿಸಿತು. ದಾರಿ ಬಿಡಲೆಂದು ನಾನು ಸ್ಟೂಲಿನಿಂದ ಎದ್ದೇಬಿಟ್ಟೆ, ಸುಳ್ಳು ಹೇಳುವುದಿಲ್ಲ. ಆದರೆ ಎರಡು ಬಾಗಿಲುಗಳನ್ನು ಒಟ್ಟಿಗೆ ತೆರೆಯಲು ಮಂಡಳಿಯ ಮಂಜೂರಾತಿ ಬೇಕು, ಮಂಡಳಿ ಅಂದು ಮಧ್ಯಾಹ್ನವೇ ಬೇಸಿಗೆ ರಜೆಗೆ ಮುಚ್ಚಿತ್ತು, ಜುಲೈ ಇಡೀ ಊರಲ್ಲಿ ಸಹಿ ಹಾಕುವವರು ಯಾರೂ ಇರುವುದಿಲ್ಲ. ನಾನೂ ಸಂಜೆಯ ದೋಣಿಗೆ ದ್ವೀಪದ ನನ್ನ ಗುಡಿಸಲಿಗೆ ಹೊರಟಿದ್ದೆ. ಆಗಸ್ಟಿನಲ್ಲಿ ನೋಡೋಣ ಎಂದೆ.

ಚಿಲಕಗಳ ಮೇಲಿನ ಕೈಗಳು ಹಿಂದೆ ಸರಿದವು.

"ರಜೆ ಅಂದ್ಮೇಲೆ ರಜೆ," ಎಂದರು ಸಿಕ್ಸ್‌ಟೆನ್. ಮನುಷ್ಯರಿಗೆ ವಿಶ್ರಾಂತಿ ಬೇಕಲ್ಲ ಎಂದು ಹಿಲ್ಲೆವಿಯೂ ಒಪ್ಪಿದರು.

ನಾನು ಸ್ಟೂಲು ಮಡಚಿ, ಮೆಟ್ಟಿಲಿಳಿಯುತ್ತಿದ್ದಾಗ ಎರಡು ಕಿಂಡಿಗಳಿಂದಲೂ ಒಂದೇ ಉಸಿರಿಗೆ ಒಂದೇ ಮಾತು ಬಂತು: "ಬೇಸಿಗೆ ಚೆನ್ನಾಗಿರ್ಲಿ." ಅವರಿಬ್ಬರೂ ಒಟ್ಟಿಗೆ ಆಡಿದ ಮೊದಲ ಮಾತು ಅದು. ನನಗೆ ಹೇಳಿದ್ದಾದ್ದರಿಂದ, ಅದನ್ನು ಯಾರಿಗೂ ತಲುಪಿಸುವ ಅಗತ್ಯ ಬೀಳಲಿಲ್ಲ.