ರೂಟರಿಗೆ ಎರಡು ಗಂಟೆಯ ಗಡುವು

ಅರ್ವಿಡ್‌ಗೆ ಮುಳುವಾದದ್ದು ಅವನ ಎಚ್ಚರಿಕೆಯೇ. ಉತ್ತರ ಮಿನೆಸೋಟದ ನಮ್ಮೂರ ಟೆಲಿಫೋನ್ ಸಹಕಾರ ಸಂಘದಲ್ಲಿ ನೆಟ್‌ವರ್ಕ್ ಬಲ್ಲವನು ಅವನೊಬ್ಬನೇ. ಎಲ್ಲಿ ಕೇಬಲ್ ಕಡಿದರೂ ಅವನೇ ಓಡಿಬಂದು ಕರೆಗಳು ಹೋಗಬೇಕಾದ ಬೇರೆ ದಾರಿಯನ್ನು ರೂಟರಿಗೆ ಕೈಯಾರೆ ಬರೆದುಕೊಡಬೇಕು. ಹೀಗಾಗಿ ಆರು ವರ್ಷದಿಂದ ಮೀನಿನ ಗಾಳ ಮುಟ್ಟಿರಲಿಲ್ಲ, ಪಾಪ.

"ರೂಟರ್‌ಗಳು ತಾವ್ತಾವೇ ಮಾತಾಡ್ಕೊಂಡು ದಾರಿ ಹುಡುಕೋ ಹಾಗೆ ಮಾಡ್ತೀನಿ. ಆಮೇಲೆ ನಾನು ಬೇಕಾಗಲ್ಲ. ಒಂದು ವಾರ ರಜ ಕೊಡಿ," ಎಂದು ಮ್ಯಾನೇಜರ್ ಮಾರ್ಲಿಸ್‌ಳನ್ನು ಕೇಳಿದ.

"ಮಾಡಿ ತೋರ್ಸಪ್ಪ. ಇವತ್ತೇ ಕೆರೆಗೆ ಹೋಗು," ಎಂದಳು.

ಬೆಳಿಗ್ಗೆ ಹತ್ತಕ್ಕೆ ಕೂತವನು, ಜಾಣ ನೋಡಿ, ಮೊದಲು ಒಂದು ಗಡುವು ಇಟ್ಟ. ಎರಡು ಗಂಟೆಯೊಳಗೆ ತಾನು ಆ ಗಡುವನ್ನು ತೆಗೆಯದಿದ್ದರೆ ರೂಟರ್ ಹೊಸದನ್ನೆಲ್ಲ ಮರೆತು, ಹಳೆಯ ಸೆಟ್ಟಿಂಗಿನಲ್ಲೇ ಮತ್ತೆ ಶುರುವಾಗಬೇಕು. ಏನಾದರೂ ಎಡವಟ್ಟಾದರೆ ಊರು ಉಳಿಯುತ್ತದಲ್ಲ. ಆಮೇಲೆ ಅವನ ಬೆರಳುಗಳನ್ನು ನೋಡಬೇಕಿತ್ತು. ಅಜ್ಜಿ ಸ್ವೆಟರ್ ಹೆಣೆದ ಹಾಗೆ, ಒಂದೆಳೆ ತಪ್ಪಲಿಲ್ಲ.

ಹನ್ನೊಂದಕ್ಕೆ ಮಾರ್ಲಿಸ್ ಪರೀಕ್ಷೆಗೆಂದು ಮುಖ್ಯ ಕೇಬಲ್ಲನ್ನೇ ಕಿತ್ತಳು. ಒಂದು ಫೋನೂ ಕಡಿಯಲಿಲ್ಲ. ರೂಟರ್ ತಾನೇ ಕೆರೆಯಾಚೆಯ ದಾರಿ ಹಿಡಿದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ತಡೀರಿ, ಇನ್ನೊಂದು ಸಣ್ಣ ಕೆಲಸ..." ಅರ್ವಿಡ್ ಕೀಬೋರ್ಡಿಗೆ ಕೈ ಚಾಚಿದ.

"ಸಾಕು ಬಿಡೋ ನಿನ್ನ ಸಂಕೋಚ," ಎಂದು ಲೈನ್‌ಮನ್ ಡೆಲ್ಬರ್ಟ್ ಅವನನ್ನು ಎಳೆದುಕೊಂಡೇ ಹೋದ. ಕೇಕು, ಕಾಫಿ, ಫೋಟೋ. "ಸಂಜೆ ಸಂಘದ ನಿರ್ದೇಶಕರೂ ನೋಡ್ಲಿ," ಎಂದು ಮಾರ್ಲಿಸ್ ಕಿತ್ತ ಕೇಬಲ್ಲನ್ನು ಹಾಗೇ ನೇತಾಡಲು ಬಿಟ್ಟಳು. ಹೊಗಳಿಕೆಗೆ ಕಿವಿ ಕೆಂಪಾಗಿ ಅರ್ವಿಡ್ ಗಡುವನ್ನೇ ಮರೆತು ಕೆರೆಗೆ ಓಡಿದ.

ಹನ್ನೆರಡೂಕಾಲಿಗೆ ಮೊದಲ ಮೀನು ಕಚ್ಚಿತು. ಅದನ್ನು ದೋಣಿಗೆ ಎಳೆಯುವಷ್ಟರಲ್ಲಿ ಡೆಲ್ಬರ್ಟನ ಟ್ರಕ್ಕು ದಡದಲ್ಲಿ ಹಾರ್ನ್ ಹೊಡೆಯತೊಡಗಿತು.

"ಊರಿನ ಫೋನೆಲ್ಲ ಸತ್ತೋಗಿದೆ, ಬಾರೋ."

ಒದ್ದೆ ಬೂಟಿನಲ್ಲೇ ಬಂದ ಅರ್ವಿಡ್ ನೇತಾಡುತ್ತಿದ್ದ ಕೇಬಲ್ಲನ್ನು ಮತ್ತೆ ಸಿಕ್ಕಿಸಿದ. ಫೋನುಗಳು ಬದುಕಿದವು. ಆದರೆ ಗಡುವು ಮುಗಿದು ರೂಟರ್ ಹಳೆಯ ಸೆಟ್ಟಿಂಗಿಗೆ ಮರಳಿತ್ತು, ಬೆಳಗಿನ ಕೆಲಸವೆಲ್ಲ ಅಳಿಸಿಹೋಗಿತ್ತು.

"ತಪ್ಪು ನಂದೇ," ಎಂದ ತಲೆ ತಗ್ಗಿಸಿ. "ಗಡುವು ತೆಗೆಯೋದು ಮರೆತೆ."

ನಮ್ಮೂರಲ್ಲಿ ಒಳ್ಳೆಯ ಕೆಲಸ ಮಾಡಿದವರೆಲ್ಲ ಹೀಗೇ ಮಾತಾಡುವುದು.

"ಕೇಳಿದ್ರಾ? ಊರನ್ನ ಉಳಿಸಿ, ತಪ್ಪು ತನ್ನ ಮೇಲೇ ಹಾಕ್ಕೋತಾನೆ," ಎಂದು ಡೆಲ್ಬರ್ಟ್ ಕಣ್ಣೊರೆಸಿಕೊಂಡ.

"ಇಲ್ಲಪ್ಪ, ನಿಜವಾಗ್ಲೂ ನಂದೇ."

"ಗೊತ್ತು ಬಿಡು," ಎಂದು ಮಾರ್ಲಿಸ್ ಅವನ ಬೆನ್ನು ತಟ್ಟಿ, ಗೋಡೆಯ ಕ್ಯಾಲೆಂಡರಿನಲ್ಲಿ ಅವನ ರಜದ ಮೇಲೆ ಉದ್ದಕ್ಕೂ ಗೀಟು ಎಳೆದಳು. "ಆ ಡಬ್ಬಗಳನ್ನ ನಂಬ್ಕೊಂಡು ನಿನ್ನಂಥವನನ್ನ ಕೆರೆಗೆ ಕಳಿಸ್ತೀವಾ? ಇನ್ಮೇಲೆ ಎಲ್ಲಾ ನೀನೇ ಕೈಯಾರೆ ಬರಿ."