ಪಟ್ಟೆ ಎಳೆಯುವ ಕೆಲಸ

ನಾನೇನು ಕೆಲಸ ಮಾಡುತ್ತೇನೆಂದು ಯಾರಾದರೂ ಕೇಳಿದರೆ ‘ಪ್ಲಾನಿಂಗ್’ ಎಂದು ಹೇಳಿ ಬೇಗನೆ ಮಾತು ಬದಲಿಸುತ್ತೇನೆ. ಹೆಂಡತಿಯ ತವರಿನವರು ಅದನ್ನು ದೊಡ್ಡ ಹುದ್ದೆಯೆಂದೇ ನಂಬಿದ್ದಾರೆ. ನಿಜವಾಗಿ ನೋಡಿದರೆ, ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ಕೂತು, ಎಕ್ಸೆಲ್ ಹಾಳೆಯ ತಾರೀಖುಗಳನ್ನು ಬಣ್ಣದ ಪಟ್ಟೆಗಳಾಗಿ ಮಾಡುವುದೇ ನನ್ನ ಪ್ಲಾನಿಂಗ್. ಯಾವ ಕೆಲಸ ಎಂದು ಶುರು, ಎಂದು ಮುಕ್ತಾಯ ಎಂಬುದು ಅಂಕಿಗಳಲ್ಲಿದ್ದರೆ ಸಾಹೇಬರಿಗೆ ತಲೆನೋವು. ಅದೇ ಅಡ್ಡಡ್ಡ ಪಟ್ಟೆಗಳಾಗಿ ಗೋಡೆಯ ಮೇಲಿದ್ದರೆ ಸಮಾಧಾನ. ಬಾಕಿ ಕೆಲಸಕ್ಕೆ ನೀಲಿ, ಮುಗಿದದ್ದಕ್ಕೆ ಹಸಿರು. ನನ್ನ ಮಗಳು ಯುಕೆಜಿಯಲ್ಲಿ ಮಾಡುವುದೂ ಇದನ್ನೇ. ಅವಳಿಗೆ ಸ್ಟಾರ್ ಕೊಡುತ್ತಾರೆ.

ಈ ವರ್ಷ ಕಾರ್ಖಾನೆಯನ್ನು ಬೇರೆ ರಾಜ್ಯಕ್ಕೆ ಸಾಗಿಸುವುದೆಂದು ಆಡಳಿತದವರು ಎಲ್ಲರನ್ನೂ ಕರೆದು ಹೇಳಿದರು. ಸಾಗಿಸುವುದು ಯಂತ್ರಗಳನ್ನು, ಮನುಷ್ಯರನ್ನಲ್ಲ. ಯಾವ ವಿಭಾಗ ಯಾವಾಗ ಮುಚ್ಚುತ್ತದೆಂಬ ಚಾರ್ಟ್ ಮಾಡುವ ಭಾಗ್ಯ ನನ್ನದಾಯಿತು. ಅದನ್ನು ಕ್ಯಾಂಟೀನ್ ಗೋಡೆಗೆ ಅಂಟಿಸಿದ ಮೇಲೆ ನನಗೆ ಅಲ್ಲಿ ಅನ್ನ ಸೇರುತ್ತಿರಲಿಲ್ಲ. ಎದುರು ಕೂತವರು ಪಟ್ಟೆಗಳನ್ನು ನೋಡುತ್ತಾ, ನಡುನಡುವೆ ನನ್ನನ್ನು ನೋಡುತ್ತಾ ಉಣ್ಣುತ್ತಿದ್ದರು.

ಸ್ಟೋರಿನ ರಂಗಸ್ವಾಮಿ ನೆಲಮಂಗಲದಿಂದ ನನ್ನ ಜೊತೆ ಒಂದೇ ಬಸ್ಸಿನಲ್ಲಿ ಬರುವವನು. ಒಂದು ಬೆಳಿಗ್ಗೆ ಬಸ್ಸಿನಲ್ಲಿ, ‘ಗುರು, ನಮ್ ಸ್ಟೋರಿನ ಪಟ್ಟೆ ಒಂಚೂರು ಉದ್ದ ಎಳ್ದ್ಬಿಡು. ಮಗಳ ಪಿಯುಸಿ ಪರೀಕ್ಷೆ ಮುಗೀಲಿ,’ ಎಂದ.

‘ನಾನ್ ಎಳೆದ್ರೆ ಏನಾಗುತ್ತೆ ಕಣೋ, ತಾರೀಖು ಮೇಲಿಂದ ಬಂದಿರೋದು.’

‘ತಾರೀಖು ಯಾರ್ ನೋಡ್ತಾರೆ. ಸಾಹೇಬ್ರು ಪಟ್ಟೆ ಮಾತ್ರ ನೋಡೋದು ಅಂತ ನೀನೇ ಹೇಳ್ತಿದ್ದಲ್ಲ.’

ಹೇಳಿದ್ದು ನಿಜ. ಎಳೆದೇಬಿಟ್ಟೆ. ಸಾಹೇಬರು ಹೊಸ ಚಾರ್ಟಿನ ಮುಂದೆ ಬಹಳ ಹೊತ್ತು ನಿಂತರು. ‘ಏನ್ರೀ ಇದು, ಬಲಗಡೆ ಹಾಳೆಯಿಂದ ಆಚೆ ಹೋಗ್ತಿದೆ. ಒಂದೇ ಪೇಜಿಗೆ ಹಿಡಿಸ್ರಿ,’ ಎಂದರು. ಪಟ್ಟೆ ಯಾಕೆ ಉದ್ದವಾಯಿತೆಂದು ಕೇಳಲೇ ಇಲ್ಲ. ಕೇಳಿದರೆ ಹೇಳಲೆಂದು ಒಳ್ಳೆಯ ಕಾರಣವೊಂದನ್ನು ತಯಾರು ಮಾಡಿಕೊಂಡಿದ್ದೆ, ದಂಡವಾಯಿತು. ಒಂದೇ ಪೇಜಿಗೆ ಹಿಡಿಸಬೇಕಾದರೆ ಪಟ್ಟೆಯನ್ನು ಹಳೆಯ ಉದ್ದಕ್ಕೇ ತರಬೇಕಿತ್ತು. ತಂದೆ.

ಸ್ಟೋರು ಮುಚ್ಚುವ ದಿನ ರಂಗಸ್ವಾಮಿ ನನ್ನ ಮೇಜಿನ ಬಳಿ ಬಂದು ನಿಂತ. ಅವನೆದುರು ಸ್ಟೋರಿನ ಪಟ್ಟೆಗೆ ಹಸಿರು ತುಂಬಲಾರದೆ ನಾನು ಸುಮ್ಮನೆ ಮೌಸ್ ಹಿಡಿದು ಕೂತಿದ್ದೆ. ‘ಹಾಕಪ್ಪಾ, ಪರ್ವಾಗಿಲ್ಲ. ನಿನ್ ಕೆಲ್ಸ ನೀನ್ ಮಾಡು. ಬರ್ತೀನಿ,’ ಎಂದು ಹೆಗಲು ತಟ್ಟಿ ಹೊರಟುಹೋದ.

ನನ್ನ ಸರ್ವೀಸಿನಲ್ಲಿ ಯಾವ ಯೋಜನೆಯೂ ಹೇಳಿದ ಹೊತ್ತಿಗೆ ಮುಗಿದದ್ದಿಲ್ಲ. ಇದೊಂದು ಮುಗಿಯಿತು, ಅದೂ ಅವಧಿಗೆ ಮೊದಲೇ. ಸಾಹೇಬರು ಎಲ್ಲರೆದುರು, ಎಲ್ಲರೆಂದರೆ ಉಳಿದಿದ್ದ ಮೂರು ಜನರೆದುರು, ನನ್ನ ಕೈ ಕುಲುಕಿದರು. ಇನ್ನು ಹಸಿರಾಗಬೇಕಾದ ಪಟ್ಟೆ ನನ್ನದೊಂದೇ ಎಂಬುದನ್ನು ಮರೆತು, ನಾಚಿಕೆಯಿಲ್ಲದೆ ನನಗೆ ಖುಷಿಯಾಗಿಬಿಟ್ಟಿತು.